ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ: ‘ಸಾಮಾಜಿಕ ಪೌರತ್ವ’ ಅಂದ್ರೆ ಏನು?

ಪ್ರಶ್ನೆ: ನಾನು ಧಾರವಾಡ ಕಡೆಯವಳು. ಆರು ವರ್ಷದಿಂದ ಮಂಗಳೂರಿನಲ್ಲಿ ಪಾಠ ಮಾಡುತ್ತಿದ್ದೇನೆ. ವಲಸೆ ಬಗ್ಗೆ ಸಂಶೋಧನೆ ಮಾಡುವ ಸಹೋದ್ಯೋಗಿಗಳು ಮಾತೆತ್ತಿದರೆ ‘ಸಾಮಾಜಿಕ ಪೌರತ್ವ’ ಅನ್ನುತ್ತಾರೆ. ನಾವೆಲ್ಲ ಭಾರತೀಯರೇ ಅಲ್ವಾ? ದೇಶದೊಳಗೇ ಊರು ಬದಲಿಸಿದವರಿಗೆ ಇನ್ನೊಂದು ಪೌರತ್ವ ಯಾಕೆ?

ಉತ್ತರ: ಕಾನೂನಿನ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ. ನಮ್ಮಲ್ಲಿ ರಾಜ್ಯಕ್ಕೊಂದು ಪೌರತ್ವ ಇಲ್ಲ, ದೇಶಕ್ಕೆಲ್ಲ ಒಂದೇ. ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ನೆಲೆಸಿದ ಮೇಲೆ ಏನು ಸಿಗುತ್ತದೆ? ಆ ಪ್ರಶ್ನೆಗೆ ಇಟ್ಟ ಹೆಸರೇ ಸಾಮಾಜಿಕ ಪೌರತ್ವ.

ಈ ಮಾತನ್ನು ಚಲಾವಣೆಗೆ ತಂದವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಟಿ. ಎಚ್. ಮಾರ್ಷಲ್. 1949ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾತಾಡುತ್ತಾ ಅವರು ಪೌರತ್ವವನ್ನು ಮೂರು ಪಾಲು ಮಾಡಿದರು. ಮಾತಾಡುವ, ಆಸ್ತಿ ಹೊಂದುವ, ಕೋರ್ಟಿಗೆ ಹೋಗುವ ಹಕ್ಕು ಒಂದು. ವೋಟು ಇನ್ನೊಂದು. ಶಾಲೆ, ಆಸ್ಪತ್ರೆ, ಕಷ್ಟಕಾಲದ ಆಸರೆ ಮೂರನೆಯದು, ಅದೇ ಸಾಮಾಜಿಕ ಪೌರತ್ವ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ವ್ಯವಸ್ಥೆ ಅವರ ದೇಶದಲ್ಲಿ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಹುಟ್ಟಿದ ಊರೊಂದು, ದುಡಿಯುವ ಊರೊಂದು ಆದವರ ಕಷ್ಟ ಅವರ ಲೆಕ್ಕದಲ್ಲಿ ಹೆಚ್ಚು ಬರಲಿಲ್ಲ. ನಮಗೆ ಅದೇ ದೊಡ್ಡ ವಿಷಯ.

ನನಗೆ ಇದನ್ನು ಅರ್ಥ ಮಾಡಿಸಿದ್ದು ಪುಸ್ತಕವಲ್ಲ, ಒಂದು ಹಾಸ್ಟೆಲ್ಲಿನ ಅಡುಗೆಮನೆ. ಅಲ್ಲಿ ಚಪಾತಿ ಲಟ್ಟಿಸುವ ಹೆಂಗಸು ಬಾಗಲಕೋಟೆ ಕಡೆಯವರು. ರೇಷನ್ ಕಾರ್ಡ್ ಎಲ್ಲಿದೆ ಅಂತ ಕೇಳಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದು ಪ್ಲಾಸ್ಟಿಕ್ ಕವರ್‌ನಿಂದ ಅದರ ಜೆರಾಕ್ಸ್ ತೆಗೆದರು. ಮಡಿಚಿದ ಗೆರೆಯಲ್ಲಿ ಅಕ್ಷರ ಅಳಿಸಿ ಹೋಗಿತ್ತು. “ಕಾರ್ಡ್ ಊರಾಗ ಐತ್ರಿ, ಹೊಟ್ಟಿ ಇಲ್ಲೈತಿ” ಅಂದರು. ಇಲ್ಲೇ ಅಕ್ಕಿ ತಗೋಬಹುದಲ್ವಾ ಅಂದೆ. “ನಾ ಇಲ್ಲಿ ತಗೊಂಡ್ರ ಊರಾಗ ನಮ್ಮ ಅತ್ತಿಯವರಿಗೆ ಸಿಗಂಗಿಲ್ಲ.” ಆ ಭಯ ಇರುವವರು ಅವರೊಬ್ಬರೇ ಅಲ್ಲ.

‘ಒಂದು ದೇಶ, ಒಂದು ರೇಷನ್ ಕಾರ್ಡ್’ ಶುರುವಾಗಿದ್ದು 2019ರಲ್ಲಿ. 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಅದರೊಳಗೆ ಬಂದವು. ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಕುಟುಂಬದ ಪಾಲಿನಲ್ಲಿ ಸ್ವಲ್ಪ ಇಲ್ಲಿ, ಉಳಿದದ್ದು ಊರಲ್ಲಿ ತೆಗೆದುಕೊಳ್ಳುವುದಕ್ಕೂ ಅದರಲ್ಲಿ ಅವಕಾಶ ಇದೆ. ಆದರೆ ಜೊತೆಗೆ ಬರುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ಒಡಿಶಾದಿಂದಲೋ ಬಿಹಾರದಿಂದಲೋ ಬಂದವರಿಗೆ ಅವರ ರಾಜ್ಯ ಮೇಲಿಂದ ಕೊಡುವುದು ಇಲ್ಲಿ ಸಿಗುವುದಿಲ್ಲ, ಕರ್ನಾಟಕ ಜಾಸ್ತಿ ಕೊಡುವುದೂ ಸಿಗುವುದಿಲ್ಲ. ಅದೂ ಹೋಗಲಿ, ಪಾತ್ರೆ ತೊಳೆದು ತೊಳೆದು ಸವೆದ ಬೆರಳು ಮಿಷನ್ನಿಗೆ ಗುರುತೇ ಸಿಗದಿದ್ದರೆ? ಹಕ್ಕು ಕಾನೂನಿನಲ್ಲಿರುತ್ತದೆ, ಕೈಗೆ ಬಂದಿರುವುದಿಲ್ಲ. ಈ ನಡುವಿನ ಅಂತರವನ್ನೇ ಸಂಶೋಧಕರು ಅಳೆಯುತ್ತಿರುವುದು.

ಬಸ್ಸಿನಲ್ಲಿ ನೋಡಿದರೆ ಇನ್ನೂ ಸುಲಭವಾಗಿ ಗೊತ್ತಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಗಡಿಯಾಚೆ ಕೇರಳದ ಮಂಜೇಶ್ವರದಿಂದ ಮಂಗಳೂರು ಪಕ್ಕದ ದೇರಳಕಟ್ಟೆಗೆ ದಿನಾ ಬರುವ ನರ್ಸ್ ಇಲ್ಲಿ ರಾತ್ರಿ ಪಾಳಿ ಮಾಡುತ್ತಾರೆ, ಇಲ್ಲಿನ ರೋಗಿಗಳನ್ನೇ ನೋಡಿಕೊಳ್ಳುತ್ತಾರೆ. ಟಿಕೆಟ್ ಮಾತ್ರ ಅವರೇ ಕೊಡಬೇಕು. ಇನ್ನು ಮಂಗಳೂರು, ಉಡುಪಿಯಲ್ಲಿ ಸಿಟಿ ಬಸ್ ಬಹುಪಾಲು ಖಾಸಗಿ. ಹಾಗಾಗಿ ಇಲ್ಲಿಯೇ ಹುಟ್ಟಿದವರಿಗೂ ಈ ಯೋಜನೆ ಬೆಂಗಳೂರಿನಷ್ಟು ಒದಗುವುದಿಲ್ಲ. ಯಾವ ಊರಲ್ಲಿದ್ದೀರಿ ಅನ್ನುವುದರ ಮೇಲೆ ಹಕ್ಕಿನ ತೂಕ ಬದಲಾಗುತ್ತದೆ, ನೋಡಿ.

ಕೇರಳದ ಗಡಿಯಲ್ಲಿರುವ ತಲಪಾಡಿ ನೆನಪಾಗುತ್ತದೆ. ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆ ಅಂದರೆ ಪಕ್ಕದ ಬೀದಿ ಇದ್ದ ಹಾಗೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಗಡಿ ರಸ್ತೆಗಳಿಗೆ ಕರ್ನಾಟಕದ ಕಡೆಯವರು ಮಣ್ಣು ಸುರಿದು ಮುಚ್ಚಿದರು. ಆಂಬುಲೆನ್ಸ್‌ಗಳು ಅಲ್ಲಿಂದಲೇ ವಾಪಸ್ ಹೋದವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲೊಂದು ಗಡಿ ಇದೆ ಎಂದು ಅದುವರೆಗೆ ಯೋಚಿಸಿಯೇ ಇರದ ಜನ ಅವರು. ಭಾಷೆ ಅದೇ ತುಳು, ಅದೇ ಕನ್ನಡ, ಮಲಯಾಳ, ಬ್ಯಾರಿ. ನನಗೆ ಆ ದಿನಗಳ ಸಂಕಟ ಇವತ್ತಿಗೂ ಹೋಗಿಲ್ಲ.

ಈಗ ನಿಮ್ಮ ನಮ್ಮ ವಿಷಯಕ್ಕೆ ಬರೋಣ. ವಲಸಿಗರು ಅಂದ ಕೂಡಲೇ ನಾವು ಮಲ್ಪೆಯ ಬೋಟು, ಕಟ್ಟಡದ ಸೆಂಟ್ರಿಂಗ್ ಕೆಲಸ ನೆನೆಯುತ್ತೇವೆ. 2011ರ ಜನಗಣತಿ ಎಣಿಸಿದ ವಲಸಿಗರು 45 ಕೋಟಿಗೂ ಜಾಸ್ತಿ. ಮದುವೆಯಾಗಿ ಪುತ್ತೂರಿನಿಂದ ಉಳ್ಳಾಲಕ್ಕೆ ಬಂದ ಹುಡುಗಿಯೂ ಆ ಲೆಕ್ಕದಲ್ಲಿದ್ದಾಳೆ. ಪಾಠ ಮಾಡಲು ಘಟ್ಟ ಇಳಿದು ಬಂದ ನೀವೂ, ನಾನೂ ಈಗ ಎಣಿಸಿದರೆ ಅದೇ ಲೆಕ್ಕಕ್ಕೆ ಬರುತ್ತೇವೆ. ನಾನು ಗದಗದಿಂದ ಬಂದು ಹನ್ನೊಂದು ವರ್ಷ ಆಯಿತು. ತುಳು ಅರ್ಥ ಆಗುತ್ತದೆ, ಮಾತಾಡಿದರೆ ನಾಲ್ಕನೇ ಮಾತಿಗೆ “ಊರು ಓಲು?” (ಊರು ಎಲ್ಲಿ?) ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಅದರಲ್ಲಿ ನನಗೆ ಬೇಸರ ಇಲ್ಲ. ಬೇಸರ ಬೇರೆ ಕಡೆ ಇದೆ. ಮೊದಲು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ನನ್ನನ್ನು ಪ್ರತಿ ಏಪ್ರಿಲ್‌ನಲ್ಲಿ ಬಿಡಿಸಿ, ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಎರಡು ತಿಂಗಳು ಸಂಬಳ ಇಲ್ಲ, ಪಿಎಫ್ ಇಲ್ಲ, ಬಾಡಿಗೆ ಮಾತ್ರ ಇತ್ತು. ಒಂದು ಮೇ ತಿಂಗಳಲ್ಲಿ ಡೆಂಗಿ ಬಂದು ಮಲಗಿದಾಗ ನಾನು ಯಾರ ನೌಕರನೂ ಆಗಿರಲಿಲ್ಲ.

ಇದು ಬರೀ ನನ್ನ ಕಥೆಯಲ್ಲ. ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಒಟ್ಟಿಗೆ ಸಿಗುವ ಹಣ ಗ್ರಾಚ್ಯುಟಿ. ಶಿಕ್ಷಕರು ಆ ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ ‘ನೌಕರರು’ ಅಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಕಾನೂನಿನ ಮಾತು ಹಾಗಿತ್ತು. 2009ರಲ್ಲಿ ಸಂಸತ್ತು ಆ ಮಾತನ್ನೇ ತಿದ್ದಿತು, 1997ರ ಏಪ್ರಿಲ್ 3ರಿಂದಲೇ ಅನ್ವಯ ಎಂದಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು, 2022ರಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಆದರೂ ಗ್ರಾಚ್ಯುಟಿ ಲೆಕ್ಕ ಹಾಕುವುದು ಸತತ ಸೇವೆಯ ಮೇಲೆ. ವರ್ಷ ವರ್ಷ ಸೇವೆಯನ್ನು ಕತ್ತರಿಸುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾಗಿ ಸಂಶೋಧನೆ ಮಾಡುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಬಂದರಿಗೆ ಹೋಗುವ ಮೊದಲು ನಿಮ್ಮ ಗೇಟಿನ ಸೆಕ್ಯುರಿಟಿಯವರ ಹತ್ತಿರ ಮಾತಾಡಿ. ದಿನಗೂಲಿಯವರನ್ನು ಒಂದು ಗಂಟೆ ಕೂರಿಸಿಕೊಂಡರೆ ಆ ಗಂಟೆಯ ಕೂಲಿ ಕೊಡಿ, ಪ್ರಾಜೆಕ್ಟಿನ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇಡಿ. ಹೊರಡುವಾಗ ಒಂದು ಉಪಯೋಗದ ಮಾತು ಬಿಟ್ಟು ಬನ್ನಿ. ಟಿಸಿ ಬರುವುದು ತಡ ಆಯಿತು ಎಂದು ಶಾಲೆಯವರು ಮಗುವನ್ನು ಕಾಯಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಇದು ಗೊತ್ತಿಲ್ಲದೆ ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಂಡವರನ್ನು ನಾನು ನೋಡಿದ್ದೇನೆ.

ನಿಮ್ಮ ಮಟ್ಟಿಗೆ ಎರಡು ಕೆಲಸ. ಕಾಲೇಜು ಬದಲಿಸಿದ್ದರೆ ಹಳೆಯ ಪಿಎಫ್ ಅನ್ನು ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ನಂಬರಿನಡಿ ಸೇರಿಸಿಕೊಳ್ಳಿ. ವೋಟು ಇನ್ನೂ ಧಾರವಾಡದಲ್ಲೇ ಇದ್ದರೆ, ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ ಫಾರ್ಮ್ 8 ಹಾಕಿ. ಸ್ವಂತ ಮನೆ ಬೇಕಿಲ್ಲ, ವಾಡಿಕೆಯಾಗಿ ಇಲ್ಲಿ ವಾಸ ಇದ್ದರೆ ಸಾಕು. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದೆ ಅಂತ ನಾನು ಸುಮ್ನೆ ಎಷ್ಟೋ ವರ್ಷ ಕಳೆದೆ. ಈ ಮನೆ ವಿಳಾಸ ಇರುವ ಬ್ಯಾಂಕ್ ಪಾಸ್‌ಬುಕ್ಕೇ ನಡೆಯಿತು.