ಕೋಚ್ ಅಂದ್ರೆ ಬಸ್ಸೋ, ಬೋಗಿಯೋ?

ಲಂಡನ್ನಿನಲ್ಲಿ ಓದುತ್ತಿರುವ ತಂಗಿಯ ಮಗಳು ಫೋನ್ ಮಾಡಿದ್ದಳು. 'ಮಾಮ, ನಾಳೆ ಕೋಚ್‌ನಲ್ಲಿ ಆಕ್ಸ್‌ಫರ್ಡ್‌ಗೆ ಹೋಗ್ತಿದೀನಿ' ಅಂದಳು. 'ಯಾವ ಬೋಗಿ? ಲೋಯರ್ ಬರ್ತ್ ಸಿಕ್ತಾ?' ಅಂತ ಕೇಳಿಬಿಟ್ಟೆ. ಆ ಕಡೆಯಿಂದ ನಗು. 'ಬೋಗಿ ಅಲ್ಲ ಮಾಮ, ಬಸ್ಸು!'

ಬ್ರಿಟನ್ನಿನಲ್ಲಿ ಊರೊಳಗೆ ಸ್ಟಾಪ್ ಸ್ಟಾಪಿಗೂ ನಿಲ್ಲುತ್ತಾ ಓಡುವುದು ಬಸ್. ಲಗೇಜನ್ನು ಹೊಟ್ಟೆಗೆ ತುಂಬಿಕೊಂಡು ದೂರದ ಊರಿಗೆ ಹೋಗುವುದು ಕೋಚ್. ಲಂಡನ್ನಿನಲ್ಲಿ 1932ರಲ್ಲಿ ತೆರೆದ ದೊಡ್ಡ ನಿಲ್ದಾಣದ ಹೆಸರೇ ವಿಕ್ಟೋರಿಯಾ ಕೋಚ್ ಸ್ಟೇಷನ್. ನಮಗೆ ಈ ಭೇದ ಇಲ್ಲ. ಬಿಎಂಟಿಸಿಯೂ ಬಸ್ಸೇ, ಐರಾವತವೂ ಬಸ್ಸೇ.

ನಮಗೆ ಕೋಚ್ ಅಂದರೆ ರೈಲು. ಟಿಕೆಟ್ಟಿನಲ್ಲಿ ಎಸ್4, ಬಿ2 ಅಂತ ಇರುತ್ತಲ್ಲ, ಅದು. ಬಾಯಲ್ಲಿ ಮಾತ್ರ ಅದನ್ನ ಬೋಗಿ ಅಂತೀವಿ. ತಮಾಷೆ ಇರುವುದು ಇಲ್ಲೇ. ಇಂಗ್ಲಿಷಿನವರ ಬೋಗಿ ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ನಮ್ಮ ರೈಲಿನ ಒಂದು ಡಬ್ಬಿಗೆ ಅಂಥವು ಎರಡು, ಒಂದೊಂದಕ್ಕೆ ನಾಲ್ಕು ಗಾಲಿ. ಅಲ್ಲಿ ಹೋಗಿ 'ಮೂರನೇ ಬೋಗಿಯಲ್ಲಿ ಕೂತಿದೀನಿ' ಅಂದರೆ ಗಾಲಿ ಹಿಡಿದುಕೊಂಡು ಜೋತಾಡುತ್ತಿದ್ದಾರೆ ಅಂದುಕೊಂಡಾರು! ಬ್ರಿಟನ್ನಿನಲ್ಲಿ ಡಬ್ಬಿಗೆ ಕ್ಯಾರೇಜ್ ಅನ್ನಿ, ಅಮೆರಿಕದಲ್ಲಿ ಕಾರ್. ಅಮೆರಿಕದಲ್ಲಿ ವಿಮಾನದ ಟಿಕೆಟ್ ಕೊಳ್ಳುವಾಗ ಕೋಚ್ ಅಂದರೆ ಕಮ್ಮಿ ದುಡ್ಡಿನ ಸೀಟು, ಅಂದರೆ ಎಕಾನಮಿ.

ಮೂಲದಲ್ಲಿ ಇದು ಒಂದು ಊರಿನ ಹೆಸರು. ಹಂಗೇರಿಯಲ್ಲಿ ಕೋಚ್ ಅನ್ನೋ ಹಳ್ಳಿಯಿದೆ. 15ನೇ ಶತಮಾನದಲ್ಲಿ ಅಲ್ಲಿ ಕಟ್ಟುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡಿತು, ನಮ್ಮ ಇಳಕಲ್ ಸೀರೆಗೆ ಅಂಟಿಕೊಂಡ ಹಾಗೆ. ಗಾಡಿ ಯುರೋಪೆಲ್ಲಾ ಸುತ್ತಿತು, ಹೆಸರೂ ಸುತ್ತಿತು. ಕುದುರೆ ಹೋಗಿ ಎಂಜಿನ್ ಬಂದರೂ ಹೆಸರು ಇಳಿಯಲಿಲ್ಲ.

ಬಸ್ಸಿನ ಕಥೆ ಚಿಕ್ಕದು. ಅದು ಓಮ್ನಿಬಸ್ ಎಂಬ ಲ್ಯಾಟಿನ್ ಪದದ ಬಾಲ; ಅರ್ಥ 'ಎಲ್ಲರಿಗೂ'. ಪಕ್ಕದ ತಮಿಳುನಾಡಿನಲ್ಲಿ ಮಾತ್ರ ದೂರದೂರಿಗೆ ಹೋಗುವ ಖಾಸಗಿ ಬಸ್ಸಿಗೆ ಈಗಲೂ ಓಮ್ನಿ ಬಸ್ ಅಂತಾರೆ.

ಹಾಗಾದರೆ ಕ್ರಿಕೆಟ್ ಕೋಚ್, ಕೋಚಿಂಗ್ ಸೆಂಟರ್? ಅವೂ ಇದೇ ಗಾಡಿಯಿಂದಲೇ ಇಳಿದವು. 1830ರ ಹೊತ್ತಿಗೆ ಹುಡುಗರನ್ನು ಪರೀಕ್ಷೆ ಎಂಬ ಹೊಳೆ ದಾಟಿಸುವ ಮೇಷ್ಟ್ರಿಗೆ ವಿದ್ಯಾರ್ಥಿಗಳು ಸುಮ್ನೆ ತಮಾಷೆಗೆ 'ಕೋಚ್' ಅನ್ನತೊಡಗಿದರು. ಎಲ್ಲಿ ಗೊತ್ತಾ? ನಮ್ಮ ಹುಡುಗಿ ಬಸ್ಸು ಹತ್ತಿ ಹೊರಟಿದ್ದ ಆಕ್ಸ್‌ಫರ್ಡಿನಲ್ಲೇ.