ವೀಲ್ ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುವವರಿಗೆ

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಸಣ್ಣ ಕಾರು. ಸಣ್ಣಪುಟ್ಟ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೇನೆ. 108 ಸಾಮಾನುಗಳ ಟೂಲ್ ಕಿಟ್ ಸಾಕಾಗುತ್ತದೆಯೇ? ಚಕ್ರದ ನಟ್ಟುಗಳನ್ನು ಭದ್ರವಾಗಿ ಬಿಗಿಯಲು ಯಾವ ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಕೊಳ್ಳಲಿ?

ಹಬ್ಬದ ರಿಯಾಯಿತಿ ಮಾರಾಟ ಶುರುವಾಯಿತೆಂದರೆ ಈ ಪ್ರಶ್ನೆ ಬಂತೆಂದೇ ಲೆಕ್ಕ. ಕೇಳುವವರ ಕಾರು ಬೇರೆಯಾಗಿರುತ್ತದೆ, ಕಿಟ್ಟಿನ ಸಂಖ್ಯೆ ಬೇರೆಯಾಗಿರುತ್ತದೆ. ಬಡಿದು ಬಡಿದು ನಟ್ಟು ತಿರುಗಿಸುವ ಆ ಇಂಪ್ಯಾಕ್ಟ್ ರೆಂಚಿನ ಆಸೆ ಮಾತ್ರ ಎಲ್ಲರಿಗೂ ಒಂದೇ.

ಕಿಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಆ 108ರಲ್ಲಿ ಎಷ್ಟೋ ಸ್ಕ್ರೂಡ್ರೈವರ್ ಬಿಟ್‌ಗಳು. ನಿಮ್ಮ ಕಾರು ಅವುಗಳ ಮುಖವನ್ನೇ ನೋಡುವುದಿಲ್ಲ. ಜಪಾನ್, ಕೊರಿಯಾ ಮೂಲದ ಕಾರುಗಳಿಗೆ 8, 10, 12, 14, 17 ಮಿ.ಮೀ. ಸಾಕೆಟ್‌ಗಳು (ನಟ್ಟಿನ ಮೇಲೆ ಕೂರುವ ಬಟ್ಟಲುಗಳು), ಅದೇ ಅಳತೆಯ ರಿಂಗ್ ಸ್ಪ್ಯಾನರ್‌ಗಳು, ಸಾಕೆಟ್ ತಿರುಗಿಸುವ ಒಂದು ರ್‍ಯಾಚೆಟ್ ಹಿಡಿಕೆ, ಅದನ್ನು ಉದ್ದ ಮಾಡುವ ಒಂದು ಎಕ್ಸ್‌ಟೆನ್ಷನ್, ಎರಡು ಒಳ್ಳೆಯ ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್ ಇದ್ದರೆ ಮನೆಗೆಲಸ ನಡೆಯುತ್ತದೆ. ಜರ್ಮನ್ ಮೂಲದ ಕಾರಾದರೆ 13 ಮತ್ತು 16 ಸೇರಿಸಿ. ಸಾಕೆಟ್ಟಿನ ಒಳಗೆ ಇಣುಕಿ ನೋಡಿ: ಆರು ಮೂಲೆಯದನ್ನೇ ಕೊಳ್ಳಿ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಅಂಚನ್ನು ಸವೆಸಿಬಿಡುತ್ತದೆ. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಕೈಗೆತ್ತಿಕೊಂಡು ನೋಡಿ ಬಿಡಿಬಿಡಿಯಾಗಿ ಕೊಳ್ಳಬಹುದು. 10 ಮಿ.ಮೀ. ಮಾತ್ರ ಎರಡು ತನ್ನಿ. ಬ್ಯಾಟರಿ ಟರ್ಮಿನಲ್ಲಿಗೆ ಬೇಕಾಗುವುದೂ ಅದೇ, ಬಾನೆಟ್ಟಿನೊಳಗೆ ಬಿದ್ದು ಮಾಯವಾಗುವುದೂ ಅದೇ.

ಇನ್ನು ನಿಮ್ಮ ಪ್ರಶ್ನೆಯಲ್ಲಿರುವ ‘ಭದ್ರವಾಗಿ’ ಎಂಬ ಮಾತಿಗೆ ಬರೋಣ. ನಟ್ಟು ಎಷ್ಟು ಬಿಗಿಯೋ ಚಕ್ರ ಅಷ್ಟು ಭದ್ರ ಎಂಬ ನಂಬಿಕೆಯನ್ನು ನಾನು ಎಷ್ಟು ಸಲ ಅಲ್ಲಗಳೆದರೂ ಅದು ಮತ್ತೆ ಎದ್ದು ಕೂರುತ್ತದೆ. ಓದಿದವರು, ಎಂಜಿನಿಯರುಗಳು ಕೂಡ ಸ್ಟೆಪ್ನಿ ಹಾಕಿದ ಮೇಲೆ ಸ್ಪ್ಯಾನರ್ ಮೇಲೆ ಹತ್ತಿ ಎರಡು ಸಲ ಕುಣಿಯದೆ ಕಾರು ಹತ್ತುವುದಿಲ್ಲ.

ಚಕ್ರವನ್ನು ಹಿಡಿದಿಡುವುದು ಉಕ್ಕಿನ ಸ್ಟಡ್, ಅಂದರೆ ನಟ್ಟು ಕೂರುವ ತಿರುಪಿನ ಕಡ್ಡಿ. ನಟ್ಟು ತಿರುಗಿಸಿದಾಗ ಆ ಸ್ಟಡ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಚಕ್ರವನ್ನು ಅದರ ಹಿಂದಿನ ‘ಹಬ್’ ಎಂಬ ತಿರುಗುವ ಭಾಗಕ್ಕೆ ಒತ್ತಿ ಹಿಡಿಯುತ್ತದೆ. ಮಿತಿ ಮೀರಿ ಹಿಗ್ಗಿಸಿದರೆ ಪಂಚೆಯ ಹಳೆಯ ಎಲಾಸ್ಟಿಕ್ ಬೆಲ್ಟಿನ ಹಾಗೆ ಅದು ಜೋತುಬಿದ್ದು, ಮೊದಲಿನಂತೆ ಹಿಂದಕ್ಕೆ ಎಳೆಯಲಾರದು. ನೀವು ಭದ್ರ ಮಾಡಲು ಹೋಗಿ ಸಡಿಲ ಮಾಡಿದಿರಿ.

ಲೆಕ್ಕವನ್ನೂ ಹಾಕಿಬಿಡೋಣ. ನಮ್ಮ ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಸಾಕು. ನಿಮ್ಮ ಕಾರಿನ ನಿಖರ ಅಂಕಿ ಅದರ ಕೈಪಿಡಿಯಲ್ಲಿದೆ, ದಯವಿಟ್ಟು ಅದನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆಯಿರಿ. 30 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು ಕೈಯಿಂದ 35 ಕಿಲೋ ಭಾರದಷ್ಟು ಬಲದಲ್ಲಿ ಎಳೆದರೆ ಸುಮಾರು 103 ಸಿಗುತ್ತದೆ. 70 ಕಿಲೋ ತೂಗುವವರು ಅದರ ಮೇಲೆ ಸುಮ್ಮನೆ ನಿಂತರೇ 206. ಕುಣಿತದ ಲೆಕ್ಕ ಬೇರೆ.

‘ಪಂಕ್ಚರ್ ಅಂಗಡಿಯಲ್ಲಿ ಇಂಪ್ಯಾಕ್ಟ್ ಗನ್ನಿನಲ್ಲೇ ಬಿಗಿಯುತ್ತಾರೆ, ಇದುವರೆಗೆ ಏನೂ ಆಗಿಲ್ಲವಲ್ಲ’ ಎನ್ನುತ್ತೀರಿ. ಆಗುವುದು ಅಂಗಡಿಯಲ್ಲಲ್ಲ. ಶಿರಾಡಿ ಘಾಟಿಯಲ್ಲಿ ಮಳೆ ಸುರಿಯುವಾಗ ಪಂಕ್ಚರ್ ಆಗಿ, ಕಾರಿನ ಜೊತೆ ಬಂದ ಮೋಟು ಸ್ಪ್ಯಾನರಿಗೆ ಆ ನಟ್ಟು ಜಗ್ಗದಿದ್ದಾಗ ಗೊತ್ತಾಗುತ್ತದೆ. ಜಗ್ಗಿದರೂ ಕೆಲವೊಮ್ಮೆ ಸ್ಟಡ್ಡೇ ತುಂಡಾಗಿ ಕೈಗೆ ಬರುತ್ತದೆ. ನಟ್ಟುಗಳು ಒಂದೊಂದು ಒಂದೊಂದು ಬಿಗಿಯಲ್ಲಿದ್ದರೆ ಬ್ರೇಕ್ ಡಿಸ್ಕ್ ಓರೆಯಾಗಿ ಕೂತು ಪೆಡಲ್ ನಡುಗುವುದೂ ಉಂಟು. ಹಾಗಾದರೆ ನಟ್ಟು ಸಡಿಲವಾಗುವುದು ಏಕೆ? ಸಾಮಾನ್ಯವಾಗಿ ಹಬ್ಬಿಗೂ ಚಕ್ರಕ್ಕೂ ನಡುವೆ ತುಕ್ಕು, ಮಣ್ಣು ಸಿಕ್ಕಿಕೊಂಡಿರುತ್ತದೆ, ಅಥವಾ ಅಲಾಯ್ ಚಕ್ರಕ್ಕೆ ಹೊಂದದ ನಟ್ಟು ಹಾಕಿರುತ್ತಾರೆ. ವೈರ್ ಬ್ರಷ್ಷಿನಿಂದ ಉಜ್ಜಿ ಒರೆಸಿ. ಸ್ಟಡ್ಡಿಗೆ ಎಣ್ಣೆ ಸವರಬೇಡಿ. ಘರ್ಷಣೆ ಇಳಿದು, ಅದೇ ಅಂಕಿಗೆ ಬಿಗಿದರೂ ಸ್ಟಡ್ ಹೆಚ್ಚು ಹಿಗ್ಗುತ್ತದೆ.

ಆದ್ದರಿಂದ ಇಂಪ್ಯಾಕ್ಟ್ ರೆಂಚಿನ ದುಡ್ಡಿನಲ್ಲಿ ಅರ್ಧ ಇಂಚಿನ (ಸಾಕೆಟ್ ಸಿಕ್ಕಿಸುವ ಚೌಕದ ಅಳತೆ) ಟಾರ್ಕ್ ರೆಂಚ್ ತನ್ನಿ, ಇಟ್ಟ ಅಂಕಿಯಷ್ಟು ಬಿಗಿಯಾದೊಡನೆ ಅದು ಸದ್ದು ಮಾಡಿ ತಿಳಿಸುತ್ತದೆ. ಹಿಡಿಕೆ ತಿರುಗಿಸಿ ಅಂಕಿ ಇಡಿ, ಎದುರುಬದುರು ನಟ್ಟುಗಳನ್ನು ಸರದಿಯಂತೆ ಬಿಗಿಯಿರಿ, ‘ಟಕ್’ ಎಂದೊಡನೆ ನಿಲ್ಲಿಸಿ. ಇನ್ನೊಂದು ‘ಟಕ್’ ಬೇಡ. ಬಿಚ್ಚಲು ಅದನ್ನು ಬಳಸಬೇಡಿ. ಕೆಲಸವಾದ ಮೇಲೆ ಅದನ್ನು ಕನಿಷ್ಠ ಅಂಕಿಗೆ ಇಳಿಸಿಡಿ. ಇಂಪ್ಯಾಕ್ಟ್ ರೆಂಚ್ ಈಗಾಗಲೇ ಕೊಂಡಿದ್ದರೆ ಬಿಚ್ಚಲು ಮಾತ್ರ ಇಟ್ಟುಕೊಳ್ಳಿ, ಅದಕ್ಕೆ ದಪ್ಪನೆಯ ಕಪ್ಪು ಸಾಕೆಟ್ಟನ್ನೇ ಹಾಕಿ. ಹೊಳೆಯುವ ಕ್ರೋಮ್ ಸಾಕೆಟ್ ಆ ಬಡಿತಕ್ಕೆ ಸಿಡಿಯಬಹುದು. ಕರೆಂಟಿನ ಉಪಕರಣವೇ ಬೇಕೆಂದಿದ್ದರೆ 12 ವೋಲ್ಟಿನ ಗಾಳಿ ಪಂಪ್ ಕೊಳ್ಳಿ, ತಿಂಗಳಿಗೊಮ್ಮೆಯಾದರೂ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಕೇಳಿದಿರಿ, ಕಾರನ್ನು ಎತ್ತಿ ನಿಲ್ಲಿಸುವುದು ಯಾವುದರ ಮೇಲೆ ಎಂದು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಡಿಕ್ಕಿಯಲ್ಲಿರುವ ಕತ್ತರಿ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ನಂಬಿಕೆಯ ಮೇಲೆ ಕಾರಿನ ಕೆಳಗೆ ನುಸುಳಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಬೇಡಿ, ಅವು ಎಚ್ಚರಿಕೆ ಕೊಡದೆ ಒಡೆಯುತ್ತವೆ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಒಂದು ಜೊತೆ ಆಕ್ಸಲ್ ಸ್ಟ್ಯಾಂಡ್ ತನ್ನಿ. ಅಪಾರ್ಟ್‌ಮೆಂಟಿನ ಇಳಿಜಾರು ರ್‍ಯಾಂಪ್ ಬಿಟ್ಟು ಸಮತಟ್ಟಾದ ಕಾಂಕ್ರೀಟ್ ನೆಲ ಹುಡುಕಿ. ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಡಿ. ನಟ್ಟುಗಳನ್ನು ಕಾರು ಎತ್ತುವ ಮುಂಚೆಯೇ ಅರ್ಧ ಸುತ್ತು ಸಡಿಲಿಸಿ, ಜಾಕನ್ನು ಕೈಪಿಡಿ ತೋರಿಸಿದ ಜಾಗಕ್ಕೇ ಕೊಡಿ. ಸ್ಟ್ಯಾಂಡಿನ ಮೇಲೆ ಕಾರು ಕೂತ ಮೇಲೆ ಪಕ್ಕದಲ್ಲಿ ನಿಂತು ಒಮ್ಮೆ ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಇಳಿಸಿ, ಮತ್ತೆ ಮೊದಲಿನಿಂದ ಎತ್ತಿ.