ಡಿಸೆಂಬರ್ ಕೊನೆಗೊಂದು ಕುದುರೆ ಚುನಾವಣೆ

ಜಪಾನಿನಲ್ಲಿ ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ಒಂದು ಚುನಾವಣೆ ನಡೆಯುತ್ತದೆ. ಅದರಲ್ಲಿ ನಿಲ್ಲುವವು ಕುದುರೆಗಳು. ಒಬ್ಬರು ಹತ್ತು ಕುದುರೆಗಳವರೆಗೆ ವೋಟು ಹಾಕಬಹುದು. ಜಾಸ್ತಿ ವೋಟು ಬಿದ್ದ ಹತ್ತು ಕುದುರೆಗಳಿಗೆ ಡಿಸೆಂಬರ್ ಕೊನೆಯ ರೇಸಿನಲ್ಲಿ ಮೊದಲ ಹಕ್ಕು. ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದ ನಕಾಯಾಮಾ ರೇಸ್‌ಕೋರ್ಸಿನಲ್ಲಿ ಓಡುವ ಈ ರೇಸಿನ ಹೆಸರು ಅರಿಮಾ ಕಿನೆನ್. ಹುಲ್ಲಿನ ಮೇಲೆ 2500 ಮೀಟರ್ ಓಟ, ಹೆಚ್ಚೆಂದರೆ 16 ಕುದುರೆ, ಗೆದ್ದರೆ 50 ಕೋಟಿ ಯೆನ್.

ನಮ್ಮಲ್ಲಿ ರೇಸ್ ಅಂದರೆ ಮನೆ ಹಾಳು ಮಾಡುವ ಚಟ ಅನ್ನುವ ಮಾತೇ ಮೊದಲು ಬರುತ್ತದೆ, ಅಲ್ವಾ? ಜಪಾನಿನಲ್ಲೂ ರೇಸ್ ಜೂಜೇ. ಆದರೆ ವರ್ಷವಿಡೀ ಕುದುರೆ ಕಡೆ ತಿರುಗಿ ನೋಡದವರೂ ಅರಿಮಾ ದಿನ ಒಂದು ಟಿಕೆಟ್ ತೆಗೆದುಕೊಳ್ಳುತ್ತಾರೆ. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಕುದುರೆಗಿಂತ ಮೊದಲು ಬೇಸ್‌ಬಾಲ್ ಸಿಗುತ್ತದೆ.

ಅರಿಮಾ ಯೊರಿಯಾಸು ಹಳೆಯ ಪಾಳೆಯಗಾರ ಮನೆತನದವರು. ಕುರುಮೆ ಸಂಸ್ಥಾನ ಆಳಿದ ವಂಶ, ಹೆಸರಿನ ಹಿಂದೆ ಕೌಂಟ್ ಪದವಿ. 1936ರಲ್ಲಿ ಜಪಾನಿನ ವೃತ್ತಿಪರ ಬೇಸ್‌ಬಾಲ್ ಶುರುವಾದಾಗ ಒಂದು ತಂಡ ಕಟ್ಟಿದರು. ತಾವು ಮೇಲ್ಮನೆ ಸದಸ್ಯರಾಗಿದ್ದರಿಂದ ಅದಕ್ಕೆ ಸೆನೇಟರ್ಸ್ ಎಂದೇ ಹೆಸರಿಟ್ಟರು. 1937ರಲ್ಲಿ ಕೃಷಿ ಮಂತ್ರಿಯಾದರು. ಯುದ್ಧ ಸೋತ ಮೇಲೆ ಯುದ್ಧಾಪರಾಧದ ಶಂಕೆಯಲ್ಲಿ ಸುಗಾಮೊ ಜೈಲು ಸೇರಿ, ವಿಚಾರಣೆಯಿಲ್ಲದೆ ಹೊರಬಂದರು. 1955ರಲ್ಲಿ, ಹುಟ್ಟಿ ಒಂದೇ ವರ್ಷವಾಗಿದ್ದ ಜಪಾನ್ ರೇಸಿಂಗ್ ಅಸೋಸಿಯೇಷನ್ನಿನ ಎರಡನೆಯ ಮುಖ್ಯಸ್ಥರಾದರು.

ಆಗ ನಕಾಯಾಮಾಗೆ ಒಂದು ಕೊರಗಿತ್ತು. ವರ್ಷದ ಕೊನೆಗೆ ಅಲ್ಲಿದ್ದ ದೊಡ್ಡ ರೇಸ್ ಎಂದರೆ ಬೇಲಿ ಹಾರುವ ರೇಸ್. ಜಪಾನಿನ ಹೆಸರಾಂತ ರೇಸಾದ ಡರ್ಬಿಯ ದಿನ ಟೋಕಿಯೊದಲ್ಲಿ ಸೇರುವಂಥ ಜನ ಅದಕ್ಕೆ ಸೇರುತ್ತಿರಲಿಲ್ಲ. ಅಷ್ಟರಲ್ಲಿ ಬೇಸ್‌ಬಾಲಿನಲ್ಲಿ ಅಭಿಮಾನಿಗಳೇ ವೋಟು ಹಾಕಿ ಆಟಗಾರರನ್ನು ಆರಿಸುವ ಆಲ್‌ಸ್ಟಾರ್ ಪಂದ್ಯ ಬಂದಿತ್ತು. ಕುದುರೆಗಳಿಗೂ ಹಾಗೇ ಮಾಡೋಣ ಅಂದರು ಅರಿಮಾ. 1956ರ ಡಿಸೆಂಬರ್ 23ರಂದು ನಕಾಯಾಮಾ ಗ್ರ್ಯಾನ್ ಪ್ರಿ ಹೆಸರಿನಲ್ಲಿ ಮೊದಲ ಓಟ ನಡೆಯಿತು. ಮೆಯಿಜಿ ಹಿಕಾರಿ ಗೆದ್ದಿತು. ಮೂರು ವಾರ ತುಂಬುವ ಮೊದಲೇ, ಜನವರಿ 10ಕ್ಕೆ, ಅರಿಮಾ ತೀರಿಕೊಂಡರು. ಎರಡನೆಯ ವರ್ಷದಿಂದ ರೇಸಿಗೆ ಅವರದೇ ಹೆಸರು. ಕಿನೆನ್ ಅಂದರೆ ಸ್ಮರಣೆ.

ಟ್ರ್ಯಾಕ್ ಕೂಡ ಈ ರೇಸಿಗೆ ಹೇಳಿ ಮಾಡಿಸಿದ ಹಾಗಿದೆ. ಕುದುರೆಗಳು ಆರು ತಿರುವು ದಾಟಬೇಕು. ಪ್ರೇಕ್ಷಕರ ಮುಂದೆಯೇ ಎರಡು ಸಲ ಓಡಬೇಕು. ಕೊನೆಯ ನೇರ ದಾರಿ 310 ಮೀಟರ್ ಅಷ್ಟೇ, ಅದರಲ್ಲೂ ಏರು. ಹಿಂದೆ ಉಳಿದ ಕುದುರೆಗೆ ಮುನ್ನುಗ್ಗಲು ಜಾಗ ಸಾಲದು, ಓಟ ಶುರುವಾಗುವಾಗ ಹೊರಗಡೆ ಗೇಟ್ ಸಿಕ್ಕಿದ ಕುದುರೆ ತಿರುವಿಗೊಮ್ಮೆ ಜಾಸ್ತಿ ದೂರ ಓಡಬೇಕು. ಅದಕ್ಕೇ 2014ರಿಂದ ಗೇಟ್ ಚೀಟಿ ಎತ್ತುವುದನ್ನೂ ಟಿವಿಯಲ್ಲಿ ತೋರಿಸುತ್ತಾರೆ. ಹೊರಗಿನ ನಂಬರ್ ಬಂದಾಗ ಟ್ರೇನರ್‌ಗಳ ಮುಖ ನೋಡುವುದೇ ಒಂದು ಮಜಾ.

ಆದರೂ ಈ ರೇಸನ್ನು ಮನೆಮನೆಗೆ ಮುಟ್ಟಿಸಿದ ಕುದುರೆ ಯಾವುದು ಎಂದು ಕೇಳಿದರೆ ನಾನು ಒಗುರಿ ಕ್ಯಾಪ್ ಅಂತಲೇ ಹೇಳುತ್ತೇನೆ. ಬೂದು ಬಣ್ಣ, ಹೇಳಿಕೊಳ್ಳುವಂಥ ವಂಶವಲ್ಲ. ಕಸಮತ್ಸು ಎಂಬ ಸಣ್ಣ ಊರಿನ ಟ್ರ್ಯಾಕಿನಲ್ಲಿ ಓಡುತ್ತಿದ್ದ ಕುದುರೆ. ದೊಡ್ಡ ಅಖಾಡಕ್ಕೆ ಬಂದ 1988ರಲ್ಲೇ ಅರಿಮಾ ಗೆದ್ದಿತು. ಅದರ ಗೊಂಬೆಗಳು ಮಾರಾಟವಾದವು, ರೇಸ್‌ಕೋರ್ಸಿಗೆ ಕಾಲಿಡದಿದ್ದ ಹುಡುಗಿಯರು ಅದನ್ನು ನೋಡಲೆಂದೇ ಬಂದರು. 1990ರ ಕೊನೆಯ ಹೊತ್ತಿಗೆ ಕುದುರೆ ಸೋತು ಸುಣ್ಣವಾಗಿತ್ತು. ಟೆನ್ನೊ ಶೋ ಎಂಬ ದೊಡ್ಡ ರೇಸಿನಲ್ಲಿ ಆರನೆಯದು, ಇನ್ನೊಂದು ದೊಡ್ಡ ರೇಸ್ ಜಪಾನ್ ಕಪ್‌ನಲ್ಲಿ ಹನ್ನೊಂದನೆಯದು. ಸಾಕು, ನಿಲ್ಲಿಸಿ ಅಂದವರು ಬಹಳ. ಜನ ಮಾತ್ರ ಅದಕ್ಕೇ ಮೊದಲ ವೋಟು ಹಾಕಿದರು. ಡಿಸೆಂಬರ್ 23, ಅದರ ಕೊನೆಯ ಓಟ. ನಕಾಯಾಮಾದಲ್ಲಿ ಸೇರಿದ್ದವರು 1,77,779 ಮಂದಿ. 21 ವರ್ಷದ ಜಾಕಿ ತಾಕೆ ಯುತಾಕಾ ಅದನ್ನು ಗೆಲ್ಲಿಸಿಬಿಟ್ಟರು. ಇಡೀ ಜನಸಾಗರ ಒಗುರಿ, ಒಗುರಿ ಎಂದು ಕೂಗಿತು. ವೋಟಿನ ಲೆಕ್ಕದಲ್ಲಿ ಫಾರ್ಮ್‌ಗಿಂತ ಪ್ರೀತಿಗೆ ತೂಕ ಹೆಚ್ಚು ಎಂಬುದು ಅವತ್ತಿನಷ್ಟು ಸ್ಪಷ್ಟವಾಗಿ ಮತ್ತೆ ಕಂಡಿಲ್ಲ.

ಮರುವರ್ಷವೇ ತಮಾಷೆ. ಗೆದ್ದದ್ದು ದೈಯುಸಾಕು, ಬಾಜಿ ಕಟ್ಟಿದವರ ಲೆಕ್ಕದಲ್ಲಿ ಹದಿನೈದು ಕುದುರೆಗಳ ಪೈಕಿ ಹದಿನಾಲ್ಕನೆಯ ಫೇವರಿಟ್. ನೂರು ಯೆನ್ ಟಿಕೆಟ್ಟಿಗೆ 13,790 ಯೆನ್. ಇದರ ಹೆಸರೇ ಒಂದು ತಪ್ಪು. ಮಾಲೀಕರು ಮೊಮ್ಮಗನ ಹೆಸರು ಸೇರಿಸಿ ದೈಕೊಸಾಕು ಎಂದಿಡಲು ಹೊರಟಿದ್ದರು. ನೋಂದಣಿಯಲ್ಲಿ 'ಕೊ' ಅಕ್ಷರವನ್ನು 'ಯು' ಎಂದು ಓದಿಕೊಂಡರು. ನಮ್ಮ ರೇಷನ್ ಕಾರ್ಡಿನ ಹೆಸರುಗಳ ಕತೆ ಅಲ್ಲೂ ಇದೆ ನೋಡಿ. 2001ರಲ್ಲಿ, ನ್ಯೂಯಾರ್ಕಿನ ಅವಳಿ ಕಟ್ಟಡಗಳು ಬಿದ್ದ ವರ್ಷ, ಮೊದಲು ಬಂದದ್ದು ಮ್ಯಾನ್‌ಹ್ಯಾಟನ್ ಕೆಫೆ, ಎರಡನೆಯದು ಅಮೆರಿಕನ್ ಬಾಸ್. ವರ್ಷದ ಸುದ್ದಿ ಅರಿಮಾದಲ್ಲಿ ಕಾಣುತ್ತದೆ ಎಂದು ನಂಬುವವರು ಇಂದಿಗೂ ಇದನ್ನೇ ಎತ್ತಿ ತೋರಿಸುತ್ತಾರೆ. ಸುಮ್ನೆ ಕಾಕತಾಳೀಯ, ಆದರೆ ಟಿಕೆಟ್ ಮಾರಲು ಇಂಥ ಕತೆಗಳು ಸಾಕು. 1996ರಲ್ಲಿ ಈ ಒಂದೇ ರೇಸಿನ ಮೇಲೆ ಬಿದ್ದ ಬಾಜಿ ಸುಮಾರು 8,750 ಕೋಟಿ ಯೆನ್. ಗಿನ್ನಿಸ್ ದಾಖಲೆ.

ಇಷ್ಟಾದರೂ ವೋಟಿನ ಮಾತು ಯಾವಾಗಲೂ ನಡೆಯುವುದಿಲ್ಲ. ವೋಟು ಬಿದ್ದ ಮಾತ್ರಕ್ಕೆ ಮಾಲೀಕರು ಓಡಿಸಲೇಬೇಕೆಂದಿಲ್ಲ. ನವೆಂಬರ್ ಕೊನೆಯ ಜಪಾನ್ ಕಪ್‌ನಲ್ಲಿ ದಣಿದ ಕುದುರೆಗಳಿರುತ್ತವೆ, ಡಿಸೆಂಬರಿನಲ್ಲೇ ಹಾಂಗ್‌ಕಾಂಗ್‌ಗೆ ಹೋಗುವವೂ ಇರುತ್ತವೆ. ಕೊನೆಯ ರೇಸ್ ಎಂಬ ಬಿರುದೂ ಅಲುಗಾಡಿದೆ. 2017ರಿಂದ ಹೋಪ್‌ಫುಲ್ ಸ್ಟೇಕ್ಸ್ ಎಂಬ ಎಳೆಯ ಕುದುರೆಗಳ ದೊಡ್ಡ ರೇಸ್ ಕೆಲವು ವರ್ಷ ಅರಿಮಾ ಮುಗಿದ ಮೇಲೆ ಬರುತ್ತಿದೆ. ನನ್ನ ಮಟ್ಟಿಗೆ ಇದು ಕ್ಯಾಲೆಂಡರಿನ ಲೆಕ್ಕ ಮಾತ್ರ. ಜನರಿಗೆ ವರ್ಷ ಮುಗಿಯುವುದು ಅರಿಮಾದೊಂದಿಗೇ.

2023ರಲ್ಲಿ ಡು ಡ್ಯೂಸ್ ಮೇಲೆ ಕುಳಿತು ಅರಿಮಾ ಗೆದ್ದವರು ಅದೇ ತಾಕೆ ಯುತಾಕಾ, ಈ ಸಲ 54ನೆಯ ವಯಸ್ಸಿನಲ್ಲಿ. ಮರುವರ್ಷ ಡು ಡ್ಯೂಸ್‌ಗೆ 4,78,415 ವೋಟು, ಅಲ್ಲಿಯವರೆಗೆ ಯಾವ ಕುದುರೆಗೂ ಬೀಳದಷ್ಟು. ಅದರ ವಿದಾಯದ ಓಟ ಎಂದು ಎಲ್ಲ ತಯಾರಾಗಿತ್ತು. ಎರಡು ದಿನ ಮೊದಲು ಮುಂಗಾಲು ಕುಂಟಿತು, ಹೆಸರು ವಾಪಸ್. ಆ ದಿನ ಗೆದ್ದದ್ದು ಮೂರು ವರ್ಷದ ಹೆಣ್ಣು ಕುದುರೆ ರೆಗಲೇರಾ. ಆ ವಯಸ್ಸಿನ ಹೆಣ್ಣು ಕುದುರೆ ಅರಿಮಾ ಗೆದ್ದು 64 ವರ್ಷ ಆಗಿತ್ತು. ಮೂಗಿನ ಅಂತರದಲ್ಲಿ ಸೋತ ಶಾಹ್ರಿಯಾರ್ ಹೊರಟದ್ದು ಯಾರಿಗೂ ಬೇಡವಾದ ಗೇಟಿನಿಂದ, ತೀರಾ ಹೊರಗಿನ 16ನೇ ನಂಬರ್.